ಮ್ಯಾಂಡೊಲಿನ್ ನಾದ: ಕಿವಿಯ ತೀರ್ಪು, ಮಾಪನದ ಲೆಕ್ಕ

ಎರಡು ಮ್ಯಾಂಡೊಲಿನ್‌ಗಳನ್ನು ಮುಂದಿಟ್ಟು ಯಾವುದರ ನಾದ ಚೆನ್ನ ಎಂದು ಕೇಳಿದರೆ ಅದು ಒಂದೇ ಪ್ರಶ್ನೆಯಂತೆ ಕಾಣುತ್ತದೆ. ಬಿಡಿಸಿ ನೋಡಿದರೆ ಒಳಗೆ ಮೂರಿವೆ. ಎರಡರ ನಾದ ನಿಜಕ್ಕೂ ಬೇರೆಯೇ? ಬೇರೆಯಾಗಿದ್ದರೆ ಎಲ್ಲಿ, ಎಷ್ಟು? ಕೊನೆಗೆ, ಎರಡರಲ್ಲಿ ಹಿತವಾದದ್ದು ಯಾವುದು? ಮೊದಲನೆಯದಕ್ಕೆ ಕಿವಿಯೂ ಉತ್ತರ ಕೊಡಬಲ್ಲದು, ಮೈಕ್ರೊಫೋನೂ ಕೊಡಬಲ್ಲದು. ಎರಡನೆಯದು ಮಾಪನದ ಕೆಲಸ. ಮೂರನೆಯದಕ್ಕೆ ಕಿವಿ ಬಿಟ್ಟರೆ ಬೇರೆ ಗತಿಯಿಲ್ಲ. ಈ ಮೂರನ್ನೂ ಕಲಸಿಬಿಟ್ಟಾಗಲೇ ಜಗಳ ಹುಟ್ಟುವುದು: ಒಬ್ಬರು ಮಾಪನದ ನಕ್ಷೆ ತೋರಿಸಿ ‘ಇದೇ ಮೇಲು’ ಎನ್ನುತ್ತಾರೆ, ಇನ್ನೊಬ್ಬರು ಎರಡು ಸಲ ಮೀಟಿ ‘ಅದಕ್ಕೆ ಜೀವವೇ ಇಲ್ಲ’ ಎನ್ನುತ್ತಾರೆ.

ಜಗಳ ಹೊಸದಲ್ಲ. ಅಮೆರಿಕದ ಗಿಬ್ಸನ್ ಕಂಪನಿ 1922ರಿಂದ 1924ರವರೆಗೆ ತಯಾರಿಸಿದ ಎಫ್-5 ಮ್ಯಾಂಡೊಲಿನ್‌ಗಳ ಒಳಗೆ ಅಲ್ಲಿನ ತಂತ್ರಜ್ಞ ಲಾಯ್ಡ್ ಲೋರ್ ಸಹಿಯಿದ್ದ ಚೀಟಿ ಅಂಟಿಸಿರುತ್ತಿತ್ತು. ಮೇಲ್ಹಲಗೆ, ಹಿಂಹಲಗೆ, ಟೋನ್ ಬಾರ್ (ಮೇಲ್ಹಲಗೆಯ ಒಳಬದಿಗೆ ಅಂಟಿಸಿದ ಮರದ ಪಟ್ಟಿ), ಒಳಗಿನ ಗಾಳಿಯ ಗೂಡು ಇವನ್ನು ಪರೀಕ್ಷಿಸಿ ಶ್ರುತಿಗೊಳಿಸಿದೆ, ಜೋಡಿಸಿದ ಮೇಲೆ ನುಡಿಸಿ ನೋಡಿ ಒಪ್ಪಿದೆ ಎಂಬುದು ಅದರ ಸಾರ. ಒಂದೇ ಚೀಟಿಯಲ್ಲಿ ಮಾಪನವೂ ಇದೆ, ಕಿವಿಯೂ ಇದೆ. ಕಡೆಯ ಒಪ್ಪಿಗೆ ಮಾತ್ರ ನುಡಿಸಿ ನೋಡಿದ್ದಕ್ಕೆ.

ಇಲ್ಲಿ ಹೇಳುವುದೆಲ್ಲ ಪೊಳ್ಳು ಒಡಲಿನ ಅಕೂಸ್ಟಿಕ್ ಮ್ಯಾಂಡೊಲಿನ್ ಬಗ್ಗೆ. ಯು. ಶ್ರೀನಿವಾಸ್ ಅವರ ಕೈಯಲ್ಲಿ ಪ್ರಸಿದ್ಧವಾದ ಎಲೆಕ್ಟ್ರಿಕ್ ಮ್ಯಾಂಡೊಲಿನ್‌ನಲ್ಲಿ ನಾದದ ಬಹುಪಾಲು ಪಿಕಪ್, ಆಂಪ್ಲಿಫೈಯರ್, ಸ್ಪೀಕರ್‌ಗಳಲ್ಲಿ ತೀರ್ಮಾನವಾಗುತ್ತದೆ. ಅದರ ಲೆಕ್ಕವೇ ಬೇರೆ.

ತಂತಿಯಿಂದ ಗಾಳಿಗೆ

ಮ್ಯಾಂಡೊಲಿನ್‌ಗೆ ಎಂಟು ತಂತಿ, ನಾಲ್ಕು ಜೋಡಿ. ಶ್ರುತಿ ಪಾಶ್ಚಾತ್ಯ ಪಿಟೀಲಿನದೇ: ಜಿ 196, ಡಿ 293.7, ಎ 440, ಇ 659.3 ಹರ್ಟ್ಸ್ (ಸೆಕೆಂಡಿಗೆ ಇಷ್ಟು ಕಂಪನ; ಇದೇ ಆವೃತ್ತಿ). ಅಮೆರಿಕನ್ ಮಾದರಿಯಲ್ಲಿ ಕುತ್ತಿಗೆಯ ತುದಿಯಲ್ಲಿ ತಂತಿ ಕೂರುವ ಪಟ್ಟಿಯಾದ ನಟ್‌ನಿಂದ ಬ್ರಿಡ್ಜ್‌ಗೆ, ಅಂದರೆ ಕುದುರೆಗೆ, ಸುಮಾರು 352 ಮಿಲಿಮೀಟರ್. ಎಂಟೂ ತಂತಿಗಳ ಒಟ್ಟು ಬಿಗಿತ 80 ಕಿಲೊ ಆಸುಪಾಸು. ಇಷ್ಟು ಬಿಗಿಯಾಗಿದ್ದರೂ ತಂತಿ ತಾನಾಗಿ ಗಾಳಿಯನ್ನು ಅಲುಗಿಸುವುದು ಬಹಳ ಕಡಿಮೆ. ಅದು ಕುದುರೆಯನ್ನು ಅಲುಗಿಸುತ್ತದೆ, ಕುದುರೆ ಸ್ಪ್ರೂಸ್ ಮರದ ಮೇಲ್ಹಲಗೆಯನ್ನು, ಹಲಗೆ ಗಾಳಿಯನ್ನು. ಕುದುರೆಗೆ ಅಂಟು ಹಾಕಿರುವುದಿಲ್ಲ. ತಂತಿಗಳ ಒತ್ತಡದಲ್ಲೇ ನಿಂತಿರುತ್ತದೆ. ಹಾಗಾಗಿ ಅದರ ಪಾದ ಹಲಗೆಯ ಉಬ್ಬಿಗೆ ಪೂರ್ತಿ ಕೂತಿದೆಯೇ ಇಲ್ಲವೇ ಎಂಬುದು ನಾದದ ಮೊದಲ ಪ್ರಶ್ನೆ.

ಮೀಟಿದಾಗ ತಂತಿಗೆ ಸಿಕ್ಕುವ ಶಕ್ತಿ ಒಂದು ಚೊಂಬು ನೀರಿದ್ದ ಹಾಗೆ. ಹಲಗೆ ತೆಳುವಾಗಿ ಹಗುರವಾಗಿದ್ದರೆ ನೀರು ಒಮ್ಮೆಗೇ ಸುರಿಯುತ್ತದೆ: ಸದ್ದು ಜೋರು, ಆದರೆ ಬೇಗ ಆರುತ್ತದೆ. ಹಲಗೆ ಗಡಸಾಗಿ ಭಾರವಾಗಿದ್ದರೆ ಸಣ್ಣ ಧಾರೆ: ಸದ್ದು ಮೆಲ್ಲಗೆ, ನಿಲ್ಲುವುದು ಹೆಚ್ಚು ಹೊತ್ತು. ಜೋರೂ ಇರಬೇಕು, ಸಸ್ಟೇನೂ (ಹೆಚ್ಚು ಹೊತ್ತು ನಿಲ್ಲುವುದೂ) ಇರಬೇಕು ಎನ್ನುವವರಿಗೆ ಈ ಚೊಂಬು ದೊಡ್ಡ ತೊಡಕು. ಸ್ವಲ್ಪ ಅವಕಾಶವಿರುವುದು ಮರದೊಳಗೆ ಬಿಸಿಯಾಗಿ ಹಾಳಾಗುವ ಪಾಲನ್ನು ತಗ್ಗಿಸುವುದರಲ್ಲಿ; ಒಳ್ಳೆಯ ಸ್ಪ್ರೂಸ್‌ಗೆ ಬೆಲೆ ಬಂದಿರುವುದು ಮುಖ್ಯವಾಗಿ ಅದಕ್ಕೆ. ಇಲ್ಲಿಯೇ ಇನ್ನೊಂದು ಮಾತು ಹೇಳಿಬಿಡಬೇಕು: ಅಮೆರಿಕದ ಹಳ್ಳಿಗಾಡಿನ ಬ್ಲೂಗ್ರಾಸ್ ಶೈಲಿಯವರಿಗೆ ಸ್ವರಮೇಳವನ್ನು ಮೀಟಿ ತಕ್ಷಣ ತಡೆಯುವ ‘ಚಾಪ್’ ಬೇಕು, ಅವರಿಗೆ ಬೇಗ ಆರುವ ನಾದವೇ ಗುಣ. ಟ್ರೆಮೊಲೊದಲ್ಲಿ, ಅಂದರೆ ಒಂದೇ ಸ್ವರವನ್ನು ಬಿಡದೆ ವೇಗವಾಗಿ ಮೀಟುತ್ತ, ರಾಗ ಎಳೆಯುವವರಿಗೆ ಅದೇ ದೋಷ. ‘ಒಳ್ಳೆಯ ನಾದ’ಕ್ಕೆ ಒಂದೇ ಅಂಕಿ ಹುಡುಕುವವರು ಈ ಇಬ್ಬರಲ್ಲಿ ಯಾರಿಗಾಗಿ ಎಂದು ಮೊದಲು ಹೇಳಬೇಕು.

ಒಡಲು ಎಲ್ಲ ಆವೃತ್ತಿಗಳನ್ನೂ ಸಮನಾಗಿ ಹೊರಕ್ಕೆ ಬಿಡುವುದಿಲ್ಲ. 200 ಹರ್ಟ್ಸ್ ಆಸುಪಾಸಿನಲ್ಲಿ ಒಳಗಿನ ಗಾಳಿಯ ಅನುರಣನೆಯ ಶಿಖರ, ಅಂದರೆ ಅದು ತಾನಾಗಿ ಹೆಚ್ಚು ಮೊಳಗುವ ಜಾಗ. ಅದರ ಮೇಲೆ, ಹೆಚ್ಚಾಗಿ 600 ಹರ್ಟ್ಸ್‌ನೊಳಗೆ, ಎರಡು ಹಲಗೆಗಳ ಮುಖ್ಯ ಶಿಖರಗಳು. ಸಾವಿರ ಹರ್ಟ್ಸ್ ದಾಟಿ ಮೇಲೆ ಹೋದಂತೆ ಶಿಖರಗಳು ಒತ್ತೊತ್ತಾಗಿ ಒಂದರ ಮೇಲೊಂದು ಬೀಳುತ್ತವೆ. ಅಲ್ಲಿ ಬಿಡಿ ಶಿಖರಕ್ಕೆ ಅರ್ಥವಿಲ್ಲ. ಇಡೀ ಪ್ರದೇಶ ಎತ್ತರವೋ ತಗ್ಗೋ ಎಂದಷ್ಟೇ ನೋಡಬೇಕು.

ಕಿವಿ ಎಲ್ಲೆಲ್ಲಿ ಏಮಾರುತ್ತದೆ

ಮೊದಲ ಮೋಸ ಜೋರಿನದು. ಬೇರೆಲ್ಲ ಒಂದೇ ಇದ್ದು ಒಂದು ಸದ್ದು ಮಾತ್ರ ಒಂದು ಡೆಸಿಬಲ್ ಹೆಚ್ಚಿದ್ದರೆ ಕಿವಿ ಅದನ್ನು ‘ಜೋರು’ ಎಂದು ಗುರುತಿಸುವುದಿಲ್ಲ; ‘ತುಂಬು ನಾದ’, ‘ಸ್ಪಷ್ಟ’, ‘ಹತ್ತಿರ’ ಎಂದು ಗುರುತಿಸುತ್ತದೆ. ಇದರ ಒಂದು ಕಾರಣ ಕಿವಿಯ ರಚನೆಯಲ್ಲೇ ಇದೆ. 2ರಿಂದ 5 ಸಾವಿರ ಹರ್ಟ್ಸ್ ನಡುವೆ ಕಿವಿ ತೀರ ಚುರುಕು, ಕೆಳಗಿನ ಆವೃತ್ತಿಗಳಿಗೆ ಮಂದ. ಸದ್ದು ಏರಿದಂತೆ ಈ ಅಂತರ ಕುಗ್ಗುತ್ತದೆ. ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಇದನ್ನು ಅಳೆದು ಗೆರೆ ಎಳೆದರು. ಅಂದರೆ ಅದೇ ಮ್ಯಾಂಡೊಲಿನ್ ಸ್ವಲ್ಪ ಜೋರಾಗಿ ನುಡಿದಾಗ ಜಿ ತಂತಿಯ ಗುಂಭ, ಅಂದರೆ ಕೆಳದನಿಯ ಮೊಳಗು, ಹೆಚ್ಚಾದಂತೆ ಕೇಳುತ್ತದೆ. ವಾದ್ಯ ಬದಲಾಗಿಲ್ಲ, ಕೇಳುವ ಅಳತೆಗೋಲು ಬದಲಾಗಿದೆ.

ಎರಡನೆಯದು ನೆನಪು. ನಾದದ ಸೂಕ್ಷ್ಮ ವಿವರ ಕಿವಿಯ ನೆನಪಿನಲ್ಲಿ ಕೆಲವೇ ಸೆಕೆಂಡು ಹಾಗೇ ಇರುತ್ತದೆ. ಆಮೇಲೆ ಉಳಿಯುವುದು ನಾವು ಅದಕ್ಕೆ ಕೊಟ್ಟ ಹೆಸರು. ‘ಹೋದ ತಿಂಗಳು ಕೇಳಿದ್ದಕ್ಕಿಂತ ಇದು ಬೆಚ್ಚಗಿದೆ’ ಎನ್ನುವಾಗ ಹೋಲಿಕೆ ನಡೆದಿರುವುದು ನಾದಕ್ಕೂ ನಾದಕ್ಕೂ ಅಲ್ಲ, ನಾದಕ್ಕೂ ಒಂದು ಪದಕ್ಕೂ. ನುಡಿಸುತ್ತ ಹೋದಂತೆ ವಾದ್ಯ ‘ತೆರೆದುಕೊಳ್ಳುತ್ತದೆ’ ಎಂಬ ಮಾತಿನ ತೊಡಕೂ ಇದೇ. ತೆರೆದುಕೊಳ್ಳುವುದು ಸುಳ್ಳೆಂದಲ್ಲ, ಐದು ವರ್ಷದ ಹಿಂದಿನ ನಾದವನ್ನು ಕಿವಿ ಹೊತ್ತು ತರಲಾರದು. ಆ ಹೋಲಿಕೆ ಬೇಕಿದ್ದರೆ ಮೊದಲ ದಿನವೇ ಅಳೆದಿಟ್ಟಿರಬೇಕು.

ಮೂರನೆಯದು ಕಣ್ಣು. 2010ರಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಧ್ವನಿ ಸಂಶೋಧಕಿ ಕ್ಲೌಡಿಯಾ ಫ್ರಿಟ್ಜ್, ಪಿಟೀಲು ತಯಾರಕ ಜೋಸೆಫ್ ಕರ್ಟಿನ್ ಮತ್ತು ಸಂಗಡಿಗರು 21 ಮಂದಿ ಪಿಟೀಲು ವಾದಕರಿಗೆ ಆರು ಪಿಟೀಲು ಕೊಟ್ಟರು. ಮೂರು ಹೊಸವು, ಉಳಿದ ಮೂರು ಇಟಲಿಯ ಹೆಸರಾಂತ ಹಳೆಯವು: ಎರಡು ಸ್ಟ್ರಾಡಿವೇರಿ, ಒಂದು ಗ್ವಾರ್ನೇರಿ. ಮಂದ ಬೆಳಕಿನ ಕೋಣೆ, ಕಣ್ಣಿಗೆ ಕಪ್ಪು ಮಾಡಿದ ವೆಲ್ಡಿಂಗ್ ಕನ್ನಡಕ. ಹಳೆಯ ಮರದ ವಾಸನೆ ಸುಳಿವು ಕೊಡದಂತೆ ಗದ್ದದ ಪಟ್ಟಿಗೆ ಸುಗಂಧದ ಹನಿ. ಫಲಿತಾಂಶದಲ್ಲಿ ಅತಿ ಹೆಚ್ಚು ಮೆಚ್ಚುಗೆ ಪಡೆದದ್ದು ಒಂದು ಹೊಸ ಪಿಟೀಲು, ಅತಿ ಕಡಿಮೆ ಮೆಚ್ಚುಗೆ ಒಂದು ಸ್ಟ್ರಾಡಿವೇರಿಗೆ. ತಮಗೆ ಇಷ್ಟವಾದದ್ದು ಹಳೆಯದೋ ಹೊಸದೋ ಎಂಬುದೇ ಹೆಚ್ಚಿನವರಿಗೆ ತಿಳಿಯಲಿಲ್ಲ. ಬ್ರಿಟನ್ನಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಗಿಟಾರ್ ಪ್ರಯೋಗವೂ ಇದೇ ದಾರಿಯದು: ಹಿಂಬದಿ ಮತ್ತು ಪಕ್ಕದ ಮರ ಮಾತ್ರ ಬೇರೆಯಿದ್ದ ಆರು ಗಿಟಾರ್, 52 ವಾದಕರು, ಕಣ್ಣಿಗೆ ಮರೆ. ದುಬಾರಿ ಮರಕ್ಕೂ ಅಗ್ಗದ ಮರಕ್ಕೂ ಕೊಟ್ಟ ಅಂಕಗಳಲ್ಲಿ ಹೇಳಿಕೊಳ್ಳುವಂಥ ಅಂತರ ಬರಲಿಲ್ಲ. ಮ್ಯಾಂಡೊಲಿನ್ ಲೋಕದಲ್ಲಿ ಬ್ಲೂಗ್ರಾಸ್‌ನ ಹಿರಿಯ ಬಿಲ್ ಮನ್ರೋ ನುಡಿಸಿದ 1923ರ ಎಫ್-5ರ ನೆರಳು ದೊಡ್ಡದು. ಸುರುಳಿ ಕೆತ್ತಿದ ಒಡಲು ಕಣ್ಣಿಗೆ ಬಿದ್ದ ಕ್ಷಣವೇ ಕಿವಿ ಅರ್ಧ ತೀರ್ಪು ಬರೆದಿರುತ್ತದೆ.

ನಾಲ್ಕನೆಯದನ್ನು ಯಾರೂ ಹೆಚ್ಚು ಹೇಳುವುದಿಲ್ಲ: ನುಡಿಸುವವನ ಕಿವಿ ಇರುವ ಜಾಗ. ಎಫ್ ಆಕಾರದ ರಂಧ್ರಗಳೂ ಮೇಲ್ಹಲಗೆಯೂ ಎದುರಿನವರ ಕಡೆ ಮುಖ ಮಾಡಿರುತ್ತವೆ, ವಾದಕನ ಕಿವಿ ಹಿಂದೆ, ಮೇಲೆ. ಹೆಚ್ಚಿನ ಆವೃತ್ತಿಯ ಸದ್ದು ಹೆಚ್ಚು ನೇರವಾಗಿ ಮುಂದಕ್ಕೆ ಹೋಗುವುದರಿಂದ ವಾದಕನಿಗೆ ಮಂಕಾಗಿ ಕೇಳಿದ್ದು ಎದುರು ಕೂತವನಿಗೆ ಮೊನಚಾಗಿ ಕೇಳಬಹುದು. ಕೊಳ್ಳುವಾಗ ಇನ್ನೊಬ್ಬರ ಕೈಯಲ್ಲಿ ನುಡಿಸಿ ಎದುರಿನಿಂದ ಕೇಳುವುದು ಇದಕ್ಕಾಗಿ.

ಹೋಲಿಸುವ ಮೊದಲು ಸಮ ಮಾಡಬೇಕಾದದ್ದು

ಎರಡು ವಾದ್ಯಗಳ ನಡುವೆ ಕೇಳಿಬರುವ ವ್ಯತ್ಯಾಸದ ದೊಡ್ಡ ಪಾಲು ಬಹಳ ಸಲ ಮರದ್ದಾಗಿರುವುದೇ ಇಲ್ಲ, ತಂತಿಯದ್ದು, ಕೈಯಲ್ಲಿ ಹಿಡಿದು ಮೀಟುವ ಪಿಕ್‌ದ್ದು, ಹೊಂದಾಣಿಕೆಯದ್ದು. ತಿಂಗಳುಗಟ್ಟಲೆ ನುಡಿಸಿದ ತಂತಿಯ ಸುರುಳಿಗಳೊಳಗೆ ಬೆವರು ಕೊಳೆ ಸೇರಿ ಹೆಚ್ಚಿನ ಹಾರ್ಮೋನಿಕ್‌ಗಳನ್ನು ನುಂಗಿರುತ್ತವೆ; ಹಾರ್ಮೋನಿಕ್ ಎಂದರೆ ಮೂಲ ಕಂಪನದ ಎರಡು, ಮೂರು, ನಾಲ್ಕು ಪಟ್ಟು ಆವೃತ್ತಿಯ ಕಂಪನ. ಅದರ ಪಕ್ಕದಲ್ಲಿ ಹೊಸ ತಂತಿಯ ವಾದ್ಯ ಇಟ್ಟರೆ ಗೆಲ್ಲುವುದು ತಂತಿ. ಆದ್ದರಿಂದ ಎರಡಕ್ಕೂ ಒಂದೇ ಮಾದರಿಯ ಸೆಟ್, ಒಂದೇ ದಿನ ಹಾಕಿದ್ದು. 11, 15, 26, 40 ಸಾವಿರದಂಶ ಇಂಚಿನ ಸೆಟ್ ಸಾಮಾನ್ಯ. ಹಾಕಿದ ಮೇಲೆ ಒಂದು ದಿನ ಬಿಟ್ಟರೆ ಶ್ರುತಿ ನಿಲ್ಲುತ್ತದೆ.

ಪಿಕ್ ಒಂದೇ ಇರಲಿ, ಕೈಯೂ ಒಂದೇ ಇರಲಿ. 0.7 ಮಿಲಿಮೀಟರ್‌ನದು ಬಾಗುತ್ತ ‘ಟಿಕ್’ ಎನ್ನುತ್ತದೆ, 1.4ರದು ದುಂಡು ನಾದ ಕೊಡುತ್ತದೆ. ಎರಡು ವಾದ್ಯಗಳ ನಡುವಿನ ಅಂತರಕ್ಕಿಂತ ಇದು ದೊಡ್ಡದಾಗಿರುವುದು ಅಪರೂಪವಲ್ಲ. ಮೀಟುವ ಜಾಗ ಅಷ್ಟೇ ಮುಖ್ಯ. ತೆರೆದ ತಂತಿಯನ್ನು ಕುದುರೆಯಿಂದ 70 ಮಿಲಿಮೀಟರ್ ದೂರದಲ್ಲಿ, ಅಂದರೆ ಉದ್ದದ ಐದರಲ್ಲೊಂದು ಭಾಗದಲ್ಲಿ ಮೀಟಿದರೆ ಐದನೆಯ ಹಾರ್ಮೋನಿಕ್ ಹುಟ್ಟುವುದೇ ಇಲ್ಲ ಎನ್ನಬಹುದು. 44 ಮಿಲಿಮೀಟರ್‌ನಲ್ಲಿ ಮೀಟಿದರೆ ಎಂಟನೆಯದು ಹೋಗುತ್ತದೆ. ಕೈ ಎರಡು ಬೆರಳಿನಷ್ಟು ಸರಿದರೂ ನಾದದ ಬಣ್ಣ ಬದಲಾಗುವುದು ಇದರಿಂದಲೇ. ಫಿಂಗರ್‌ಬೋರ್ಡ್ ಮೇಲೋ ಪಿಕ್‌ಗಾರ್ಡ್ ಮೇಲೋ ಕಾಗದದ ಟೇಪಿನಿಂದ ಗುರುತು ಹಾಕಿ ಅಲ್ಲೇ ಮೀಟಿ.

ಇನ್ನು ಜೋಡಿ ತಂತಿ. ಇದು ಮ್ಯಾಂಡೊಲಿನ್‌ಗೆ ವಿಶೇಷವಾದ ತಂಟೆ. ಎ ಜೋಡಿಯ ಎರಡು ತಂತಿಗಳ ನಡುವೆ ಎರಡು ಸೆಂಟ್ ವ್ಯತ್ಯಾಸ, ಅಂದರೆ ಅರ್ಧ ಸ್ವರದ ಐವತ್ತರಲ್ಲೊಂದು ಭಾಗ ಇದ್ದರೆ ಎರಡು ಸೆಕೆಂಡಿಗೊಮ್ಮೆ ತೂಗಾಟ ಕೇಳುತ್ತದೆ; ಐದು ಸೆಂಟ್ ಆದರೆ ಸೆಕೆಂಡಿಗೆ ಒಂದಕ್ಕಿಂತ ಹೆಚ್ಚು. ಇಷ್ಟೇ ಆಗಿದ್ದರೆ ಸುಲಭವಿತ್ತು. ಎರಡೂ ತಂತಿ ಒಂದೇ ಕುದುರೆಯ ಮೇಲಿರುವುದರಿಂದ ಒಂದರ ಅಲುಗಾಟ ಇನ್ನೊಂದಕ್ಕೆ ದಾಟುತ್ತದೆ. ಎರಡೂ ಒಟ್ಟಿಗೆ ಒಂದೇ ದಿಕ್ಕಿಗೆ ಕುದುರೆಯನ್ನು ನೂಕಿದಾಗ ಶಕ್ತಿ ಬೇಗ ಖಾಲಿ. ಎದುರುಬದುರಾಗಿ ನೂಕಿದಾಗ ಕುದುರೆ ಹೆಚ್ಚು ಅಲುಗದೆ ನಾದ ನಿಧಾನ ಆರುತ್ತದೆ. ಹೀಗೆ ಒಂದೇ ಸ್ವರಕ್ಕೆ ಮೊದಲು ಕಡಿದಾದ ಇಳಿತ, ಆಮೇಲೆ ಉದ್ದ ಬಾಲ. ಗೇಬ್ರಿಯೆಲ್ ವೈನ್‌ರೈಖ್ 1977ರಲ್ಲಿ ಪಿಯಾನೊ ತಂತಿಗಳಿಗೆ ಇದನ್ನು ವಿವರಿಸಿದರು. ಜೋಡಿ ತಂತಿ ಇರುವಲ್ಲೆಲ್ಲ ಇದೇ ಭೌತಶಾಸ್ತ್ರ. ಕೂದಲೆಳೆಯಷ್ಟು ಶ್ರುತಿ ಸರಿದರೂ ಬಾಲದ ಆಕಾರ ಬದಲಾಗುವುದರಿಂದ, ‘ಇದರ ಸಸ್ಟೇನ್ ಹೆಚ್ಚು’ ಎಂಬ ತೀರ್ಪು ಕೇವಲ ಶ್ರುತಿಯ ಫಲವಾಗಿರಬಹುದು.

ಕುದುರೆಯ ಪಾದದಡಿ ತೆಳು ಕಾಗದ ತೂರಿಸಿ ನೋಡಿ. ಎಲ್ಲಾದರೂ ಒಳಕ್ಕೆ ಜಾರಿದರೆ ಅಲ್ಲಿ ಸಂದು ಇದೆ, ಅದನ್ನು ಸರಿಪಡಿಸದೆ ಅಳೆಯುವುದು ವ್ಯರ್ಥ. ಹನ್ನೆರಡನೆಯ ಫ್ರೆಟ್ (ಕುತ್ತಿಗೆಯ ಮೇಲಿನ ಲೋಹದ ಅಡ್ಡಪಟ್ಟಿ) ಬಳಿ ತಂತಿಯ ಎತ್ತರ ಎರಡರಲ್ಲೂ ಸುಮಾರು ಒಂದೂವರೆ ಮಿಲಿಮೀಟರ್‌ಗೆ ತನ್ನಿ. ಎರಡು ವಾದ್ಯಗಳೂ ಅದೇ ಕೋಣೆಯಲ್ಲಿ ಒಂದು ದಿನವಾದರೂ ಇದ್ದಿರಬೇಕು. ಗಾಳಿಯ ತೇವ 40ರಿಂದ 50 ಶೇಕಡಾ ಇದ್ದರೆ ಒಳ್ಳೆಯದು. ತೇವ ಹೀರಿದ ಹಲಗೆ ಭಾರವಾಗುತ್ತದೆ, ಉಬ್ಬುತ್ತದೆ, ಶಿಖರಗಳು ಕೆಳಗೆ ಸರಿಯುತ್ತವೆ.

ಕಣ್ಣಿಗೆ ಮರೆ, ಕಿವಿಗೆ ಪರೀಕ್ಷೆ

ಮೂರು ಜನ ಬೇಕು: ನುಡಿಸುವವರು, ಕೇಳುವವರು, ವಾದ್ಯ ಕೈಗೆ ಕೊಡುವವರು. ಕೇಳುವವರು ಬೆನ್ನು ತಿರುಗಿಸಿ ಅಥವಾ ಪರದೆಯ ಆಚೆ, ಎರಡು ಮೀಟರ್ ದೂರ. ನುಡಿಸುವವರಿಗೂ ಕಪ್ಪು ಕನ್ನಡಕ, ಯಾಕೆಂದರೆ ತಾವು ಮೆಚ್ಚಿದ ವಾದ್ಯವನ್ನು ಅರಿವಿಲ್ಲದೆಯೇ ಹೆಚ್ಚು ಪ್ರೀತಿಯಿಂದ ನುಡಿಸುತ್ತೇವೆ. ಮೂರನೆಯವರು ಪ್ರತಿ ಸಲ ನಾಣ್ಯ ಚಿಮ್ಮಿ ಯಾವ ವಾದ್ಯ ಎಂದು ನಿರ್ಧರಿಸಿ ಬರೆದಿಡಬೇಕು. ತಲೆಯಲ್ಲೇ ‘ಬೆರಕೆ’ ಮಾಡಹೊರಟರೆ ಮನುಷ್ಯರು ಒಮ್ಮೆ ಇದು, ಒಮ್ಮೆ ಅದು ಎಂದು ಅದಲುಬದಲು ಮಾಡುತ್ತ ಹೋಗುತ್ತಾರೆ. ನುಡಿಸುವುದು 15 ಸೆಕೆಂಡು, ಪ್ರತಿ ಸಲ ಅದೇ: ನಾಲ್ಕು ತೆರೆದ ಜೋಡಿ, ಒಂದು ಚಾಪ್, ಎ ಮೇಲೆ ಟ್ರೆಮೊಲೊ, ಇ ತಂತಿಯ ಹನ್ನೆರಡನೆಯ ಫ್ರೆಟ್ ಸುತ್ತ ನಾಲ್ಕು ಸ್ವರ. ಕಡೆಯದನ್ನು ಬಿಡಬೇಡಿ, ಸಾಧಾರಣ ವಾದ್ಯಗಳು ಬಯಲಾಗುವುದು ಅಲ್ಲೇ.

ಮೊದಲ ಹಂತದಲ್ಲಿ ಯಾವುದು ಚೆನ್ನ ಎಂದು ಕೇಳಲೇಬೇಡಿ. ‘ಮೊದಲನೆಯದು, ಎರಡನೆಯದು ಕೇಳಿದಿರಿ, ಈಗ ಮೂರನೆಯ ಸಲ ನುಡಿಸಿದ್ದು ಯಾವುದು?’ ಎಂದು ಕೇಳಿ. ಎಬಿಎಕ್ಸ್ ಎಂದು ಕರೆಯುವ ಪರೀಕ್ಷೆ ಇದು. 16 ಸುತ್ತಿನಲ್ಲಿ 12 ಅಥವಾ ಹೆಚ್ಚು ಸರಿಯಾದರೆ, ಬರೀ ಊಹೆಯಿಂದ ಹಾಗಾಗುವ ಸಾಧ್ಯತೆ ನೂರಕ್ಕೆ ನಾಲ್ಕಕ್ಕಿಂತ ಕಡಿಮೆ. ಹತ್ತರಲ್ಲಿ ಏಳು ಸರಿ ಬಂದರೆ ಹಿಗ್ಗುವವರಿದ್ದಾರೆ. ಕಣ್ಣು ಮುಚ್ಚಿ ಊಹಿಸಿದರೂ ಆರು ಸಲಕ್ಕೊಮ್ಮೆ ಅಷ್ಟು ಬರುತ್ತದೆ. 20 ನಿಮಿಷಕ್ಕೊಮ್ಮೆ ನಿಲ್ಲಿಸಿ; ದಣಿದ ಕಿವಿ ಎಲ್ಲವನ್ನೂ ಒಂದೇ ಎನ್ನುತ್ತದೆ. ಈ ಹಂತ ದಾಟಿದರೆ ಮಾತ್ರ ಇಷ್ಟ ಯಾವುದು ಎಂದು ಕೇಳುವುದಕ್ಕೆ ಅರ್ಥ. ವ್ಯತ್ಯಾಸವೇ ಕೇಳಿಸದಿದ್ದರೆ ಕೈಗೆ ಹಿತವಾದ ಕುತ್ತಿಗೆಯದನ್ನು ಆರಿಸಿಕೊಳ್ಳುವುದು ಜಾಣತನ.

ಜೋರು ಸಮ ಮಾಡುವುದು ಇಲ್ಲಿ ಕಷ್ಟದ ಕೆಲಸ. ಕೈಯಿಂದ ನುಡಿಸುವಾಗ ಒಂದು ಡೆಸಿಬಲ್‌ನೊಳಗೆ ಹಿಡಿಯುವುದು ಅಭ್ಯಾಸವಿದ್ದವರಿಗೂ ಸುಲಭವಲ್ಲ. ರೆಕಾರ್ಡ್ ಮಾಡಿಕೊಂಡರೆ ಸರಾಸರಿ ಮಟ್ಟವನ್ನು ಡೆಸಿಬಲ್‌ನ ಹತ್ತರಲ್ಲೆರಡು ಭಾಗದವರೆಗೂ ಸಮ ಮಾಡಬಹುದು, ಎಷ್ಟು ಸಲ ಬೇಕಾದರೂ ಕೇಳಬಹುದು. ಆದರೆ ಆಗ ಒಂದು ಜಾಗದ ಒಂದು ಮೈಕ್‌ಗೆ ಬಿದ್ದಷ್ಟೇ ನಾದ ಉಳಿಯುತ್ತದೆ, ಅಲ್ಲದೆ ನಿಜಕ್ಕೂ ಜೋರಾದ ವಾದ್ಯದ ಜೋರೂ ಅಳಿಸಿಹೋಗುತ್ತದೆ. ಜೋರು ಕೂಡ ಒಂದು ಗುಣವೇ ತಾನೆ? ಎರಡೂ ಬಗೆಯಲ್ಲಿ ಮಾಡಿ, ಫಲಿತಾಂಶ ಬೇರೆ ಬಂದರೆ ಮೊದಲು ಜೋರನ್ನೇ ಶಂಕಿಸುವುದು ಉತ್ತಮ.

ಮಾಪನ: ತಟ್ಟಿ ಕೇಳುವುದು

ಹೆಚ್ಚು ಖರ್ಚಿಲ್ಲದ, ಹೆಚ್ಚು ಹೇಳುವ ಮಾಪನವೆಂದರೆ ಕುದುರೆಯನ್ನು ತಟ್ಟಿ ಸದ್ದನ್ನು ಎಫ್‌ಎಫ್‌ಟಿಗೆ ಹಾಕುವುದು. ಎಫ್‌ಎಫ್‌ಟಿ ಎಂದರೆ ಸದ್ದಿನೊಳಗೆ ಯಾವ ಆವೃತ್ತಿ ಎಷ್ಟಿದೆ ಎಂದು ಬಿಡಿಸಿ ಕೊಡುವ ಲೆಕ್ಕ. ಉಚಿತ ತಂತ್ರಾಂಶಗಳಲ್ಲಿ ಸಿಗುತ್ತದೆ. ತಂತಿಗಳಿಗೆ ಫೋಮ್ ಅಥವಾ ಬಟ್ಟೆ ಸುತ್ತಿ ಸದ್ದಡಗಿಸಿ. ಕುದುರೆಯ ಹಿಂದಿನ ತಂತಿಯ ತುಂಡನ್ನು ಮರೆಯಬೇಡಿ, ಅದು ಸಣ್ಣಗೆ ಹಾಡುತ್ತ ನಕ್ಷೆಯಲ್ಲಿ ಮೊನೆಗಳನ್ನು ಎಬ್ಬಿಸುತ್ತದೆ. ವಾದ್ಯವನ್ನು ಕುತ್ತಿಗೆಯ ಬಳಿ ರಬ್ಬರ್ ಬ್ಯಾಂಡಿನಿಂದ ತೂಗುಹಾಕಿ, ಅಥವಾ ಮೆತ್ತನೆಯ ಸ್ಪಂಜಿನ ಮೇಲೆ ಅಂಚು ಮಾತ್ರ ತಾಗುವಂತಿಡಿ. ಮೈಕ್ ಮೇಲ್ಹಲಗೆಯ ಎದುರು 30 ಸೆಂಟಿಮೀಟರ್. ಬೆರಳ ಗೆಣ್ಣಿನಿಂದ ತಟ್ಟಿದರೆ ಕೆಳಗಿನ ಆವೃತ್ತಿಗಳಷ್ಟೇ ಏಳುತ್ತವೆ. ಮೇಲಿನವೂ ಬೇಕಿದ್ದರೆ ಪುಟ್ಟ, ಹಗುರ, ಗಟ್ಟಿ ತುದಿಯ ಸುತ್ತಿಗೆ. ಹತ್ತು ಸಲ ತಟ್ಟಿ, ಗೆರೆಗಳನ್ನು ಒಂದರ ಮೇಲೊಂದು ಇಟ್ಟು ನೋಡಿ. ಮುಖ್ಯ ಶಿಖರಗಳು ಒಂದು ಡೆಸಿಬಲ್‌ನೊಳಗೆ ಕೂರದಿದ್ದರೆ ವಿಧಾನದಲ್ಲೇ ತಪ್ಪಿದೆ, ವಾದ್ಯದ ಬಗ್ಗೆ ಮಾತಾಡುವ ಹೊತ್ತು ಬಂದಿಲ್ಲ. ಮೊಬೈಲ್ ಬಳಸುವವರು ಸದ್ದು ತಾನಾಗಿ ಏರಿಳಿಸುವ, ಗದ್ದಲ ಸೋಸುವ ಆಯ್ಕೆಗಳನ್ನು ಆಫ್ ಮಾಡಿಬಿಡಬೇಕು. ಆಗ ಎರಡು ವಾದ್ಯಗಳನ್ನು ಹೋಲಿಸಲು ಅದು ಸಾಕು, ನಿರಪೇಕ್ಷ ಅಂಕಿಗೆ ಸಾಲದು.

ಯಾವ ಶಿಖರ ಯಾರದ್ದು? ಎಫ್ ರಂಧ್ರವನ್ನು ಟೇಪಿನಿಂದ ಅರ್ಧ ಮುಚ್ಚಿ ಮತ್ತೆ ತಟ್ಟಿದಾಗ ಕೆಳಗೆ ಜಾರಿದ್ದು ಗಾಳಿಯದು. ಕುದುರೆಯ ಪಕ್ಕ ಮೇಲ್ಹಲಗೆಗೆ ಐದು ಗ್ರಾಂ ಅಂಟುಮಣ್ಣು ಒತ್ತಿದಾಗ ಹೆಚ್ಚು ಸರಿದದ್ದು ಮೇಲ್ಹಲಗೆಯದು. ಹಿಂಹಲಗೆಯನ್ನು ಅಂಗೈಯಿಂದ ಒತ್ತಿದಾಗ ಕುಗ್ಗಿದ್ದರಲ್ಲಿ ಹಿಂಹಲಗೆಯ ಪಾಲು ದೊಡ್ಡದು. ಈ ಕಡೆಯ ಪರೀಕ್ಷೆ ಇನ್ನೊಂದು ವಿಷಯ ಹೇಳುತ್ತದೆ: ನುಡಿಸುವವರ ಹೊಟ್ಟೆ ಹಿಂಹಲಗೆಗೆ ಒತ್ತಿದಾಗ ಎಷ್ಟು ನಾದ ಸಾಯುತ್ತದೆ ಎಂಬುದು. ವಾದ್ಯವನ್ನು ಮೈಯಿಂದ ದೂರವಿಡುವ ಲೋಹದ ಸರಿಗೆಯ ಚೌಕಟ್ಟುಗಳನ್ನು ಹಿಂಬದಿಗೆ ಸಿಕ್ಕಿಸುವುದು ಇದಕ್ಕೇ.

ಅಂಕಿಗಳನ್ನು ಅತಿಯಾಗಿ ನಂಬಬಾರದು. ತಟ್ಟಿದ ಸದ್ದು ಕಾಲು ಸೆಕೆಂಡಿನೊಳಗೆ ಬಹುತೇಕ ಮುಗಿದಿರುತ್ತದೆ; ಅಷ್ಟು ಬೇಗ ಆರುವ ಅನುರಣನೆಯ ಶಿಖರ ಸಹಜವಾಗಿಯೇ ಅಗಲ, 300 ಹರ್ಟ್ಸ್ ಬಳಿ ಹತ್ತು ಹರ್ಟ್ಸ್‌ನಷ್ಟು. ಹಾಗಿರುವಾಗ ‘ನಮ್ಮ ಹಲಗೆ 293.7ಕ್ಕೇ ಕೂತಿದೆ’ ಎಂದು ದಶಾಂಶದವರೆಗೆ ಹೇಳುವುದು ಸೀರೆಯ ಅಂಚನ್ನು ಅಂಗುಲದ ಸಾವಿರದಂಶದಲ್ಲಿ ಅಳೆದ ಹಾಗೆ. ಸೆಕೆಂಡಿಗೆ 44,100 ಮಾದರಿಯಂತೆ ಮುದ್ರಿಸಿ 16,384 ಮಾದರಿಗಳ ತುಂಡು ತೆಗೆದುಕೊಂಡರೆ ಎರಡು ಬಿಂದುಗಳ ನಡುವಿನ ಅಂತರ 2.7 ಹರ್ಟ್ಸ್, ಈ ಕೆಲಸಕ್ಕೆ ಅದು ಧಾರಾಳ.

ಮೈಕ್ ಜಾಗ ಮಾತ್ರ ಮಿಲಿಮೀಟರ್ ಲೆಕ್ಕದ್ದು ಎಂದೇ ತಿಳಿಯಿರಿ. 3,000 ಹರ್ಟ್ಸ್‌ನ ಅಲೆಯುದ್ದ ಸುಮಾರು 11 ಸೆಂಟಿಮೀಟರ್. ಮೈಕ್ ಆರು ಸೆಂಟಿಮೀಟರ್ ಸರಿದರೆ, ಗೋಡೆಯಿಂದ ಮರಳಿದ ಅಲೆ ಕೂಡುತ್ತಿದ್ದಲ್ಲಿ ಕಳೆಯಬಹುದು. ಆಗ ನಕ್ಷೆಯಲ್ಲಿ ಕಾಣುವ ಹತ್ತು ಡೆಸಿಬಲ್ ಕಂದಕ ಕೋಣೆಯದು, ವಾದ್ಯದ್ದಲ್ಲ. ಸ್ಟ್ಯಾಂಡ್ ಅಲುಗಿಸದೆ, ನೆಲಕ್ಕೆ ಗುರುತು ಹಾಕಿ, ಎರಡೂ ವಾದ್ಯಗಳನ್ನು ಒಂದೇ ಜಾಗದಲ್ಲಿ ಕೂರಿಸಬೇಕು.

ತಟ್ಟುವುದು ಒಡಲಿನ ಗುಣ ಹೇಳುತ್ತದೆ, ಸ್ವರದ್ದಲ್ಲ. ಸ್ವರ ಅಳೆಯಲು ಪ್ರತಿ ಸಲ ಒಂದೇ ಬಲದ ಮೀಟು ಬೇಕು. ಇದಕ್ಕೆ ಹಳೆಯ ಉಪಾಯ: 0.1 ಮಿಲಿಮೀಟರ್ ದಪ್ಪದ ತಾಮ್ರದ ತಂತಿಯನ್ನು ವಾದ್ಯದ ತಂತಿಗೆ ಕೊಕ್ಕೆಯಂತೆ ಹಾಕಿ ಮೆಲ್ಲಗೆ ಎಳೆಯುವುದು. ತಾಮ್ರ ಪ್ರತಿ ಸಲ ಹೆಚ್ಚುಕಡಿಮೆ ಒಂದೇ ಬಲದಲ್ಲಿ ಕಡಿಯುತ್ತದೆ, ಅದೇ ಮೀಟು. ಎಳೆಯುವ ದಿಕ್ಕು ಬದಲಾಗಬಾರದು: ಹಲಗೆಗೆ ಲಂಬವಾಗಿ ಎಳೆದದ್ದಕ್ಕೂ ಅಡ್ಡಲಾಗಿ ಎಳೆದದ್ದಕ್ಕೂ ನಾದವೇ ಬೇರೆ. ಜೋಡಿಯ ಇನ್ನೊಂದು ತಂತಿಯನ್ನೂ ಉಳಿದೆಲ್ಲವನ್ನೂ ಫೆಲ್ಟಿನಿಂದ ಅಡಗಿಸಿ. ಹೀಗೆ ಪ್ರತಿ ತಂತಿಯ ಮೊದಲ ಹನ್ನೆರಡು ಸ್ವರಗಳನ್ನು ಮುದ್ರಿಸಿ, ಪ್ರತಿಯೊಂದೂ 20 ಡೆಸಿಬಲ್ ಇಳಿಯಲು ಎಷ್ಟು ಹೊತ್ತು ತೆಗೆದುಕೊಂಡಿತು ಎಂದು ಬರೆದಿಟ್ಟರೆ ವಾದ್ಯದ ಸಮತೂಕ ಕಣ್ಣಿಗೆ ಕಾಣುತ್ತದೆ. ಬೇಸರದ ಕೆಲಸ, ನಿಜ. ಆದರೆ ಇದಕ್ಕಿಂತ ಉಪಯುಕ್ತ ಕೋಷ್ಟಕ ಇನ್ನೊಂದಿಲ್ಲ.

ನಕ್ಷೆಗೂ ಪದಕ್ಕೂ ನಡುವೆ

ವಾದಕರ ಪದಗಳಿಗೆ ನಕ್ಷೆಯಲ್ಲಿ ಒರಟಾದ ವಿಳಾಸಗಳಿವೆ. ‘ತುಂಬು’, ‘ಗುಂಭ’ ಎಂದರೆ ಸಾಮಾನ್ಯವಾಗಿ 200ರಿಂದ 400 ಹರ್ಟ್ಸ್ ಎತ್ತರದಲ್ಲಿದೆ. 1,000ದಿಂದ 2,000 ಉಬ್ಬಿದ್ದರೆ ‘ಮೂಗಿನ ದನಿ’, ‘ಡಬ್ಬಿ ಸದ್ದು’. 2,500ರಿಂದ 5,000 ‘ಮೊನಚು’, ‘ಎದ್ದು ಕೇಳುವುದು’, ಹೆಚ್ಚಾದರೆ ‘ಕಿವಿ ಚುಚ್ಚುವುದು’. ‘ಒಣ ನಾದ’ಕ್ಕೆ ಮಾತ್ರ ಆವೃತ್ತಿಯಲ್ಲಿ ವಿಳಾಸವಿಲ್ಲ, ಅದು ಬೇಗ ಆರುವುದಕ್ಕೆ ಇಟ್ಟ ಹೆಸರು. ಇಬ್ಬರು ಒಂದೇ ಪದವನ್ನು ಬೇರೆ ಬೇರೆ ಅರ್ಥದಲ್ಲಿ ಬಳಸುವುದೂ ಉಂಟು, ಆದ್ದರಿಂದ ವಾದಕರು ತಯಾರಕರಿಗೆ ಪದ ಹೇಳುವುದಕ್ಕಿಂತ ‘ಇದರಂತೆ’ ಎಂದು ಒಂದು ಧ್ವನಿಮುದ್ರಣ ಕೊಡುವುದು ಮೇಲು.

ನಕ್ಷೆ ಸೋಲುವ ಜಾಗ ಕಾಲ. ಎರಡು ಸೆಕೆಂಡಿನ ಸದ್ದನ್ನು ಒಂದೇ ಸರಾಸರಿ ಗೆರೆಯಾಗಿಸಿದರೆ ಪಿಕ್ ತಂತಿ ಬಿಟ್ಟ ಮೊದಲ ಐವತ್ತು ಮಿಲಿಸೆಕೆಂಡು ಅದರಲ್ಲಿ ಮುಳುಗಿಹೋಗುತ್ತದೆ. ಕಿವಿ ವಾದ್ಯವನ್ನು ಗುರುತಿಸುವುದರಲ್ಲಿ ಆ ಆರಂಭದ ಪಾತ್ರ ದೊಡ್ಡದು. ಮೆಲ್ಲಗೆ ಮೀಟುವುದರಿಂದ ಜೋರಾಗಿ ಮೀಟುವುದಕ್ಕೆ ಹೋದಂತೆ ನಾದದ ಬಣ್ಣ ಬದಲಾಗುವ ಬಗೆ, ಕೈಗೆ ತಿರುಗಿ ಬರುವ ಕಂಪನ, ಕೂಡಲೇ ಉತ್ತರಿಸುವ ಗುಣ ಇವು ಒಂದು ಗೆರೆಯಲ್ಲಿ ಬರುವುದಿಲ್ಲ. ಎರಡು ವಾದ್ಯಗಳ ನಕ್ಷೆಗಳು ತೀರ ಬೇರೆಯಿದ್ದರೆ ನಾದ ಬೇರೆ ಎನ್ನಬಹುದು. ನಕ್ಷೆ ನೋಡಿ ಒಳ್ಳೆಯ ಎರಡು ವಾದ್ಯಗಳಲ್ಲಿ ಯಾವುದು ಮೇಲು ಎಂದು ಹೇಳುವ, ಎಲ್ಲರೂ ಒಪ್ಪಿದ ಸೂತ್ರ ಇಲ್ಲ. ಕೆಟ್ಟದ್ದನ್ನು ತೋರಿಸುವುದರಲ್ಲಿ ಮಾಪನ ಗಟ್ಟಿಗ, ಒಳ್ಳೆಯದನ್ನು ಶ್ರೇಣಿಗೆ ಹಚ್ಚುವುದರಲ್ಲಿ ಅಲ್ಲ.

ತಯಾರಕರ ಲೆಕ್ಕ ಬೇರೆ. ಅವರಿಗೆ ಬೇಕಿರುವುದು ತೀರ್ಪಲ್ಲ, ನೆನಪು. ಮೆಚ್ಚುಗೆ ಪಡೆದ ವಾದ್ಯದ ಹಲಗೆಯ ತೂಕ, ದಪ್ಪ, ಟೋನ್ ಬಾರ್ ಎತ್ತರ, ಜೋಡಿಸುವ ಮೊದಲೂ ನಂತರವೂ ಶಿಖರಗಳು ಎಲ್ಲಿದ್ದವು ಎಂಬುದನ್ನು ಬರೆದಿಟ್ಟರೆ ಮುಂದಿನದನ್ನು ಅದರ ಹತ್ತಿರ ತರಬಹುದು. ಒಂದು ಎಚ್ಚರಿಕೆ: ಅಂಚು ಬಿಡಿಯಾಗಿರುವ ಹಲಗೆಯ ಶಿಖರಕ್ಕೂ ಅಂಟಿಸಿ ತಂತಿ ಬಿಗಿದ ಮೇಲಿನದಕ್ಕೂ ನೇರ ನಂಟಿಲ್ಲ. ಬಿಡಿ ಹಲಗೆಯನ್ನು ತಟ್ಟಿ ಒಂದು ಸ್ವರಕ್ಕೆ ಕೂರಿಸಿದ್ದು ಮುಗಿದ ವಾದ್ಯದಲ್ಲಿ ಆ ಸ್ವರವಾಗಿ ಉಳಿಯುವುದಿಲ್ಲ. ಎರಡೂ ಸ್ಥಿತಿಯಲ್ಲಿ ಅಳೆದು, ಎಷ್ಟು ಸರಿಯಿತು ಎಂದು ವಾದ್ಯದಿಂದ ವಾದ್ಯಕ್ಕೆ ಕಲಿಯಬೇಕು.

ಕಿವಿಯೂ ಮಾಪನವೂ ಜೊತೆಗೆ ಕೆಲಸ ಮಾಡುವುದನ್ನು ನೋಡಬೇಕಿದ್ದರೆ ‘ಸತ್ತ ಸ್ವರ’ಕ್ಕಿಂತ ಒಳ್ಳೆಯ ಉದಾಹರಣೆಯಿಲ್ಲ. ನುಡಿಸುವಾಗ ಎ ತಂತಿಯ ಮೂರನೆಯ ಫ್ರೆಟ್‌ನ ಸಿ, 523 ಹರ್ಟ್ಸ್, ‘ಢಬ್’ ಎಂದು ಜೋರಾಗಿ ಬಂದು ತಕ್ಷಣ ಆರಿಹೋಗುತ್ತದೆ ಎನ್ನಿ. ಹುಡುಕಿದ್ದು ಕಿವಿ, ಕಾರಣ ಕಿವಿಗೆ ಗೊತ್ತಿಲ್ಲ. ಅದೇ ಸಿ ಸ್ವರವನ್ನು ಡಿ ತಂತಿಯ ಹತ್ತನೆಯ ಫ್ರೆಟ್‌ನಲ್ಲಿ ನುಡಿಸಿ. ಅಲ್ಲಿಯೂ ಹಾಗೇ ಸತ್ತರೆ ತಪ್ಪು ಒಡಲಿನದು: 520ರ ಹತ್ತಿರ ಬಲವಾದ ಶಿಖರ ಕೂತು ತಂತಿಯ ಶಕ್ತಿಯನ್ನು ಒಮ್ಮೆಗೇ ಹೀರುತ್ತಿದೆ. ತಟ್ಟಿ ನೋಡಿದರೆ ಅದು ಕಾಣುತ್ತದೆ. ಮೇಲ್ಹಲಗೆಗೆ ಮೂರರಿಂದ ಐದು ಗ್ರಾಂ ಅಂಟುಮಣ್ಣು ಒತ್ತಿ. ಶಿಖರ ಕೆಳಗೆ ಜಾರಿ ಸಿ ಉಸಿರಾಡತೊಡಗಿದರೆ ಪತ್ತೆ ಖಚಿತ. ಆದರೆ ಪಕ್ಕದ ಬಿ ಸ್ವರ ಈಗ ಸತ್ತಿದೆಯೇ ಎಂದೂ ಕೇಳಿನೋಡಿ. ಶಿಖರ ಮಾಯವಾಗಿಲ್ಲ, ಜಾಗ ಬದಲಿಸಿದೆ ಅಷ್ಟೆ. ಎರಡು ಸ್ವರಗಳ ನಡುವೆ ಅದು ನಿಲ್ಲುವಂತೆ ಮಣ್ಣಿನ ತೂಕ ಹೊಂದಿಸಿ, ಅಷ್ಟೇ ತೂಕದ ಸಣ್ಣ ಮರದ ತುಂಡನ್ನು ಒಳಗಡೆ ಅದೇ ಜಾಗಕ್ಕೆ ಅಂಟಿಸುವುದು ಸರಳ ಪರಿಹಾರ. ಡಿ ತಂತಿಯಲ್ಲಿ ಸಿ ಚೆನ್ನಾಗಿ ನಿಂತು ಎ ತಂತಿಯಲ್ಲಿ ಮಾತ್ರ ಸತ್ತರೆ ಒಡಲನ್ನು ಮುಟ್ಟಬೇಡಿ. ಮೂರು, ನಾಲ್ಕು, ಐದನೆಯ ಫ್ರೆಟ್‌ಗಳ ಮೇಲೆ ಪುಟ್ಟ ನೇರ ಲೋಹದ ಪಟ್ಟಿ ಇಟ್ಟು ಅಲುಗಿಸಿ. ತೂಗಾಡಿದರೆ ನಾಲ್ಕನೆಯದು ಎತ್ತರವಾಗಿದೆ, ತಂತಿ ಅದಕ್ಕೆ ತಾಗಿ ಸಾಯುತ್ತಿದೆ.